ಹಿಂದಿನ ಸೀಟಿನ ಅತ್ತೆ

ನನ್ನ ಅತ್ತೆಯ ಎರಡೂ ಕಾಲಿನ ಹೆಬ್ಬೆರಳುಗಳು ಉಳಿದ ಬೆರಳುಗಳಿಂದ ತುಸು ದೂರ ಸರಿದು, ಬೇರೆ ಕಡೆ ಮುಖ ಮಾಡಿ ನಿಂತಿದ್ದವು. ಚಪ್ಪಲಿ ಕೊಳ್ಳಲು ಹೋದರೆ ಅಂಗಡಿಯವನು ಕಪಾಟು ಖಾಲಿ ಮಾಡಿದರೂ ಒಂದು ಜೊತೆ ಸರಿಹೋಗುತ್ತಿರಲಿಲ್ಲ. ಮದುವೆಯಾಗಿ ಇಳಕಲ್ಲಿಗೆ ಬಂದ ವರ್ಷವೇ ಅತ್ತೆ ಕುಣಿಮಗ್ಗಕ್ಕೆ ಇಳಿದವರು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು, ಒಮ್ಮೆ ಎಡಗಾಲಿನ ಹಲಗೆ, ಒಮ್ಮೆ ಬಲಗಾಲಿನ ಹಲಗೆ ತುಳಿಯುತ್ತ ಸೀರೆ ನೇಯ್ದು ನೇಯ್ದು, ಪಾದಕ್ಕೆ ಆ ಹಲಗೆಯ ಆಕಾರವೇ ಬಂದಿತ್ತು. ಮೀನಖಂಡಗಳು ಮಾತ್ರ ಅರವತ್ತು ದಾಟಿದರೂ ಹರೆಯದವರ ಹಾಗೆ ಗಟ್ಟಿ. ನನ್ನ ಮಗಳು ಚಿಕ್ಕವಳಿದ್ದಾಗ ಅವನ್ನು ಒತ್ತಿ ನೋಡಿ, “ಆಯಿ, ಒಳಗ ಕಲ್ಲ ಇಟ್ಟಿಯೇನು?” ಎಂದು ಕೇಳುತ್ತಿದ್ದಳು. ಅಜ್ಜಿಯನ್ನು ಅವಳು ಆಯಿ ಎನ್ನುತ್ತಿದ್ದಳು.

ಆದರೆ ಪ್ರಶ್ನೆ ಕೇಳುವುದರಲ್ಲಿ ಮೊಮ್ಮಗಳು ಆಯಿಯ ಹತ್ತಿರಕ್ಕೂ ಬರುತ್ತಿರಲಿಲ್ಲ. ಗ್ಯಾಸ್ ಸಿಲಿಂಡರ್ ತರುವವನನ್ನು ಅತ್ತೆ ಬಾಗಿಲಲ್ಲೇ ನಿಲ್ಲಿಸಿ, “ಗ್ಯಾಸ್ ಮುಗೀತಂದ್ರ ಇದರೊಳಗ ಏನ ಉಳೀತೈತಿ? ಏನೂ ಇಲ್ಲಂದ್ರ ಇಷ್ಟ ಭಾರ ಯಾಕೈತಿ?” ಎಂದು ಕೇಳುತ್ತಿದ್ದರು. ಬಸ್ಸಿನಲ್ಲಿ ಪಕ್ಕ ಕುಳಿತವಳ ತವರುಮನೆಯಿಂದ ಹಿಡಿದು ಅವಳ ಚೀಲದೊಳಗಿನ ಕಾಯಿಪಲ್ಯದವರೆಗೆ ಎಲ್ಲವೂ ಇಳಿಯುವ ಮೊದಲು ಗೊತ್ತಾಗಬೇಕು. ಹಾಗೆಂದು ಅದು ಚಾಡಿಗೆ ಹುಡುಕಿದ ಸುದ್ದಿಯಲ್ಲ. ಉತ್ತರ ಕೇಳುವಾಗ ಅವರ ಬಾಯಿ ಅರ್ಧ ತೆರೆದಿರುತ್ತಿತ್ತು, ಕಣ್ಣು ಹೇಳುವವರ ತುಟಿಯ ಮೇಲೆಯೇ ಇರುತ್ತಿತ್ತು. ಹಾಗೆ ಯಾರಾದರೂ ಕೇಳಿಸಿಕೊಂಡರೆ ಯಾರಿಗೆ ತಾನೆ ಹೇಳಬೇಕೆನಿಸುವುದಿಲ್ಲ?

ನಾನು ಅದಕ್ಕೆ ಪೂರ್ತಿ ತದ್ವಿರುದ್ಧ. ಬಾಗಲಕೋಟೆಯ ತವರಿನಲ್ಲಿ, ಅಪರಿಚಿತರ ಮುಂದೆ ಬಾಯಿ ತೆರೆಯದಿರುವುದೇ ಒಳ್ಳೆಯ ಹುಡುಗಿಯ ಲಕ್ಷಣವೆಂದು ಬೆಳೆದವಳು. ತಪ್ಪು ಬಸ್ಸು ಹತ್ತಿದ್ದೇನೆಂದು ಅನುಮಾನ ಬಂದರೂ ಕಂಡಕ್ಟರನ್ನು ಕೇಳದೆ ಮುಂದಿನ ಊರಿನವರೆಗೆ ಹೋದದ್ದುಂಟು. ಶಾಲೆಯಲ್ಲಿ ಮಕ್ಕಳ ಮುಂದೆ ಮಾತ್ರ ನನಗೆ ಧ್ವನಿ ಬರುತ್ತಿತ್ತು.

ಒಂದು ಅಮಾವಾಸ್ಯೆಗೆ ನಾವೆಲ್ಲ ಬನಶಂಕರಿಗೆ ಹೋಗಿದ್ದೆವು. ದರ್ಶನ ಮುಗಿಸಿ ಹೊಂಡದ ಕಡೆ ಬಂದರೆ, ಕಲ್ಲಿನ ಕಂಬಗಳಿಗೆ ನಾಲ್ಕು ಸೈಕಲ್ ಆನಿಸಿಟ್ಟು, ವಿದೇಶದ ಗಂಡಹೆಂಡತಿ ಇಬ್ಬರು ಮಕ್ಕಳೊಂದಿಗೆ ಕುಳಿತು ಬುಟ್ಟಿಯವಳಿಂದ ಕೊಂಡ ರೊಟ್ಟಿ ಮೊಸರು ತಿನ್ನುತ್ತಿದ್ದರು. ಅತ್ತೆ ನೇರ ಹೋಗಿ ಅವರ ಎದುರಿಗೆ ಕುಳಿತರು. ಸೈಕಲ್ಲಿಗೆ ಎರಡೂ ಕಡೆ ಜೋತುಬಿಟ್ಟ ಚೀಲಗಳನ್ನು ಮುಟ್ಟಿ ನೋಡಿದರು. ಮಾವ ಎಂದೋ ತೀರಿಕೊಂಡಿದ್ದರು, ನನ್ನ ಯಜಮಾನರು ಅತ್ತೆಯ ಒಬ್ಬನೇ ಮಗ. ಹುನಗುಂದದ ಶಾಲೆಯಲ್ಲಿ ನಾವಿಬ್ಬರೂ ಮಾಸ್ತರಿಕೆ ಮಾಡುತ್ತಿದ್ದೆವು. ಯಜಮಾನರ ಇಂಗ್ಲಿಷಿಗೆ ಆವತ್ತು ಬಿಡುವೇ ಸಿಗಲಿಲ್ಲ.

“ಎಲ್ಲಿಂದ ಬಂದಾರಂತ?”

“ಗೋವಾದಿಂದ ಸೈಕಲ್ ಮ್ಯಾಲೆ ಬಂದಾರಂತ ಯವ್ವಾ. ಹಂಪಿಗೆ ಹೊಂಟಾರ.”

“ದಾರಿಯೊಳಗ ಮಕ್ಕಳು ಜಗಳ ಆಡಂಗಿಲ್ಲಂತೇನು?”

ಯಜಮಾನರು ಕೇಳಿದರು. ಆ ತಾಯಿ ಜೋರಾಗಿ ನಕ್ಕು ಏನೋ ಹೇಳಿದಳು. “ದಿನಾ ಆಡ್ತಾರಂತ. ಆದ್ರ ಸೈಕಲ್ ಬ್ಯಾರೆ ಬ್ಯಾರೆ, ಹಿಂಗಾಗಿ ಬಡದಾಡಾಕ ಬರಂಗಿಲ್ಲಂತ.”

ಅತ್ತೆಗೆ ಈ ಉತ್ತರ ಬಹಳ ಹಿಡಿಸಿತು. ಬಸ್ಸಿನಲ್ಲಿ ಅಮೀನಗಡ ದಾಟುವವರೆಗೂ ನೆನೆಸಿಕೊಂಡು ನಗುತ್ತಿದ್ದರು. ಯಜಮಾನರಿಗೆ ಮಾತ್ರ ಆವತ್ತಿನಿಂದ ಹುಚ್ಚು ಹಿಡಿಯಿತು. ನಮ್ಮಿಬ್ಬರಿಗೂ ಮಗಳಿಗೂ ಸೈಕಲ್ ಬಂದವು. ರವಿವಾರಕ್ಕೊಮ್ಮೆ ಹುನಗುಂದಕ್ಕೆ, ಆಮೇಲೆ ಅಮೀನಗಡಕ್ಕೆ ಹೋಗಿ ಬರುವುದು ರೂಢಿಯಾಯಿತು. ಮಗಳಿಗೆ ಹನ್ನೆರಡು ತುಂಬಿದ ವರ್ಷ, ಒಂದು ಮುಂಜಾನೆ ನಾಷ್ಟಾಕ್ಕೆ ಕುಳಿತಾಗ ಅವರು ಹೇಳಿಯೇಬಿಟ್ಟರು: ಬೇಸಿಗೆ ರಜೆ ಪೂರ್ತಿ ವಿಯೆಟ್ನಾಂನಲ್ಲಿ, ಸಮುದ್ರದ ದಂಡೆ ಹಿಡಿದು ಸೈಕಲ್ ಪ್ರವಾಸ. ವೀಸಾ ಸುಲಭ, ಬಿಸಿಲು ನಮ್ಮ ಕಡೆಯಂಥದೇ.

ನಾನು ಅವಲಕ್ಕಿಯ ತಟ್ಟೆ ಪಕ್ಕಕ್ಕೆ ಸರಿಸಿದೆ. ಭಾಷೆ ಗೊತ್ತಿಲ್ಲದ ದೇಶ, ಗುರುತಿಲ್ಲದ ಜನ. ಅತ್ತೆ ಬೇಡ ಅಂದೇ ಅನ್ನುತ್ತಾರೆ ಎಂದು ಅವರ ಮುಖ ನೋಡಿದೆ. ಅತ್ತೆ ಚಹಾದ ಬಟ್ಟಲು ಕೆಳಗಿಟ್ಟು ಕೇಳಿದರು:

“ಅಲ್ಲೆ ಗಾಳಿ ಯಾವ ಕಡಿಂದ ಬೀಸತೈತಿ?”

ಯಜಮಾನರು ಮೊಬೈಲಿನಲ್ಲಿ ಹುಡುಕಿ ನೋಡಿದರೆ, ಆ ತಿಂಗಳುಗಳಲ್ಲಿ ದಕ್ಷಿಣದಿಂದ ಉತ್ತರಕ್ಕೆ ಹೋದರೆ ಬಹುಪಾಲು ದಾರಿ ಗಾಳಿ ಬೆನ್ನಿಗಿರುತ್ತದೆ. ಇವರು ಹಾಕಿಕೊಂಡಿದ್ದು ಅದಕ್ಕೆ ಉಲ್ಟಾ. ನಾಷ್ಟಾದ ತಟ್ಟೆ ತೆಗೆಯುವ ಮೊದಲೇ ಪ್ರವಾಸ ತಲೆಕೆಳಗಾಯಿತು.

ಆ ಚಳಿಗಾಲವೆಲ್ಲ ನಮ್ಮ ತಯಾರಿ ಅತ್ತೆಯ ಪ್ರಶ್ನೆಗಳ ಹಿಂದೆಯೇ ನಡೆಯಿತು. ಮಳೆ ಬಂದರೆ ಹಾಸಿಗೆ ಎಲ್ಲಿ ಒಣಗಿಸುತ್ತೀರಿ? ನಿಮ್ಮಿಬ್ಬರಲ್ಲಿ ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಎರಡು ಸೈಕಲ್ ಹೇಗೆ ತಳ್ಳುತ್ತಾರೆ? ಒಂದು ಮಧ್ಯಾಹ್ನ ಮೊಮ್ಮಗಳನ್ನು ಎದುರಿಗೆ ಕೂಡಿಸಿಕೊಂಡು, “ದಾರಿಯೊಳಗ ನೀ ದೊಡ್ಡಾಕಿ ಆದ್ರ ಏನ ಮಾಡ್ತಿ, ಹೇಳ?” ಎಂದು ಕೇಳಿದರು. ಅದನ್ನು ಹೇಗೆ ಹೇಳಬೇಕೆಂದು ನಾನು ವರ್ಷದಿಂದ ತಡವರಿಸುತ್ತಿದ್ದೆ. ಅತ್ತೆ ಅಂಜಿಕೆ ಹುಟ್ಟದ ಹಾಗೆ ಎಲ್ಲವನ್ನೂ ಬಿಡಿಸಿ ಹೇಳಿ, “ಆವಾಗ ನಿಮ್ಮವ್ವಗ ಗಾಡಿ ನಿಂದ್ರಸು ಅನ್ನು. ಅಷ್ಟ. ಅದೇನ ದೊಡ್ಡ ಮಾತಲ್ಲ,” ಎಂದರು.

ಊಟದ ಚಿಂತೆ ದೊಡ್ಡದಿತ್ತು. ನಾವು ಮಾಂಸ ಮುಟ್ಟದ ಮನೆಯವರು. ಮಗಳು ಎಲ್ಲಿಂದಲೋ ಕಲಿತು ಬಂದಳು, ಆ ದೇಶದಲ್ಲಿ ‘ಚಾಯ್’ ಎಂದರೆ ಶಾಕಾಹಾರ ಎಂದು.

“ಚಾಯ್ ಅಂದ್ರ ಊಟಾನ? ಹಂಗಾದ್ರ ಚಹಾಕ್ಕ ಏನಂತಾರ?” ಅತ್ತೆ ಕೇಳಿದರು.

“ಚಾ ಅಂತಾರಂತ ಆಯಿ. ಕೆಲವು ಕಡೆ ತ್ರಾ.”

“ಚಾ ಅಂದ್ರ ಚಹಾ, ಚಾಯ್ ಅಂದ್ರ ಊಟ,” ಎಂದು ಅತ್ತೆ ಅಡುಗೆಮನೆಯಲ್ಲಿ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಅವರೂ ನಮ್ಮೊಂದಿಗೆ ಬರುವ ಮಾತನ್ನು ಆಗಿನ್ನೂ ಯಾರೂ ಎತ್ತಿರಲಿಲ್ಲ.

ಸಂಕ್ರಾಂತಿ ಆದ ಮೇಲೆ ಸಾಮಾನೆಲ್ಲ ಹೇರಿಕೊಂಡು ಐಹೊಳೆ, ಬಾದಾಮಿ, ಕೆರೂರ ಸುತ್ತಿ ಬಾಗಲಕೋಟೆಯವರೆಗೆ ಒಂದು ಪರೀಕ್ಷೆಯ ಪ್ರವಾಸ ಮಾಡುವುದೆಂದು ನಿಶ್ಚಯವಾಯಿತು. “ನಾ ಬಸ್ಸಿನಾಗ ಬಂದು ಅಲ್ಲಲ್ಲೆ ಕೂಡತೇನಿ,” ಎಂದರು ಅತ್ತೆ. ಮೊದಲ ದಿನ ಸಂಜೆ ನಾವು ಮೈಯೆಲ್ಲ ಧೂಳಾಗಿ ಐಹೊಳೆ ಮುಟ್ಟಿದಾಗ, ಅವರು ಊರಬಾಗಿಲ ಹತ್ತಿರದ ಕಟ್ಟೆಯ ಮೇಲೆ ಶೇಂಗಾ ಬಿಡಿಸುತ್ತ ಕುಳಿತಿದ್ದರು.

“ಇವತ್ತ ಊಟ, ಮಲಗೂ ಜಾಗ, ಎಲ್ಲಾ ನೀವ ಕೇಳಿ ತಗೋಬೇಕು. ಆದ್ರ ಕನ್ನಡ ಮಾತಾಡಬಾರದು.”

“ಯವ್ವಾ, ಇದೇನ ಹುಚ್ಚು? ನಮ್ಮ ಮಾರಿ ನೋಡಿದ್ರ ಗೊತ್ತಾಗತೈತಿ ಈ ಕಡಿ ಮಂದಿ ಅಂತ,” ಎಂದರು ಯಜಮಾನರು.

“ಗೊತ್ತಾಗ್ಲಿ. ಅಲ್ಲೆ ಹೋಗಿ ಮಾಡೂದನ್ನ ಇಲ್ಲೆ ಮಾಡಿ ನೋಡ್ರಿ. ನಿಮ್ಮ ಕೈಲೆ ಏನ ಆಗತೈತಿ ಅಂತ ನನಗೂ ನೋಡಬೇಕಾಗೇತಿ.”

ಒಬ್ಬ ಹೆಂಗಸು ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವಳ ಮುಂದೆ ಮೂವರೂ ನಿಂತೆವು. ಅತ್ತೆ ಪರಕೀಯರ ಹಾಗೆ ದೂರದಲ್ಲಿ ನಿಂತರು. ಮಲಗಲು ಜಾಗ ಬೇಕು ಎಂದು ತೋರಿಸಲು ಯಜಮಾನರು ಅಂಗೈಯನ್ನು ಕೆನ್ನೆಗೆ ಒತ್ತಿ ಕಣ್ಣು ಮುಚ್ಚಿದರು. ಅವಳು ಗಾಬರಿಯಾಗಿ ಒಳಗೆ ತಿರುಗಿ, “ಯತ್ತಿ, ಲವಂಗ ತಗೊಂಡ ಬರ್ರಿ, ಯಾರಿಗೋ ಹಲ್ಲಬ್ಯಾನಿ ಅಂತ!” ಎಂದು ಕೂಗಿದಳು. ಲವಂಗ ಬಂತು. ಯಜಮಾನರು ವಿಧಿಯಿಲ್ಲದೆ ಅದನ್ನು ದವಡೆಯಲ್ಲಿಟ್ಟುಕೊಂಡರು. ಮಗಳು ನಗು ತಡೆದುಕೊಂಡು ತುತ್ತಿನ ಸನ್ನೆ ಮಾಡಿದಳು. ನಾನು ಬಹಳ ಹೊತ್ತು ಮಣ್ಣು ನೋಡುತ್ತ ನಿಂತವಳು, ಕೊನೆಗೆ ಖಾಲಿ ಬಾಟಲಿಯನ್ನು ಎತ್ತಿ ತೋರಿಸಿದೆ. ಅಷ್ಟೇ. ಆಕೆ ಬಾಟಲಿ ಇಸಿದುಕೊಂಡು ಹೋಗಿ ಕೊಡದ ತಣ್ಣನೆಯ ನೀರು ತುಂಬಿ ತಂದುಕೊಟ್ಟಳು. ಗುರುತಿಲ್ಲದವರಿಂದ ನಾನೇ ಕೈಯೊಡ್ಡಿ ಕೇಳಿ ಪಡೆದ ಮೊದಲ ವಸ್ತು ಅದೇ ಇರಬೇಕು. ಕುಡಿಯುವಾಗ ಕಣ್ಣು ತುಂಬಿ ಬಂದವು, ಯಾಕೆಂದು ಗೊತ್ತಾಗಲಿಲ್ಲ.

ರೊಟ್ಟಿ, ಶೇಂಗಾ ಹಿಂಡಿ, ಮೊಸರು ಬಂತು. ನಾವು ಉಣ್ಣುವಾಗ ಆ ಹೆಂಗಸು ಅತ್ತೆಯ ಕಡೆ ತಿರುಗಿ, “ನೋಡ್ರಿ, ಪಾಪ, ಮೂರೂ ಮಂದಿ ಮೂಕರು. ನೋಡಾಕ ಎಷ್ಟ ಚಂದ ಅದಾರ,” ಎಂದು ಸೆರಗು ಬಾಯಿಗೊತ್ತಿಕೊಂಡಳು.

ಅತ್ತೆಗೆ ಇನ್ನು ತಡೆಯಲಾಗಲಿಲ್ಲ. “ಅವ ನನ್ನ ಮಗ, ಮೂಕ ಅಲ್ಲವಾ. ಇಕಿ ನನ್ನ ಸೊಸಿ. ಇಕಿ ಮಾತಾಡಿದ್ರೂ ಅಷ್ಟ, ಬಿಟ್ರೂ ಅಷ್ಟ!”

ಆಕೆ ಮೊದಲು ಸಿಟ್ಟಾದಳು. “ನಮ್ಮೂರಾಗ ನಾಟಕ ಆಡಾಕ ಬಂದೀರೇನ್ರಿ?” ಆದರೆ ಕಥೆ ಪೂರ್ತಿ ಕೇಳಿದ ಮೇಲೆ ನಕ್ಕು ನಕ್ಕು ಮೊರ ಕೆಳಗಿಟ್ಟಳು. ಪಡಸಾಲೆಯಲ್ಲೇ ಜಮಖಾನೆ ಹಾಸಿಕೊಟ್ಟಳು.

ಮರುದಿನ ಮುಂಜಾನೆ ಮಲಪ್ರಭೆಯ ದಂಡೆಯಲ್ಲಿ ಕುಳಿತಾಗ ಅತ್ತೆ ನೀರು ನೋಡುತ್ತ, “ಅಲ್ಲೆ ಸಮುದ್ರದ ದಂಡಿ ಮ್ಯಾಲೆ ಹೊತ್ತ ಮುಳಗಾಕ ಮಂದಿ ಏನ ಮಾಡತಿರತಾರ?” ಎಂದು ಕೇಳಿದರು.

“ಆಯಿ, ಇಷ್ಟೆಲ್ಲಾ ಕೇಳ್ತಿಯಲ್ಲ, ನೀನ ಬಂದು ನೋಡಬಾರದೇನು?” ಎಂದಳು ಮಗಳು.

ಅತ್ತೆ ದಂಡೆಯ ಹರಳೊಂದನ್ನು ಎತ್ತಿ ನೀರಿಗೆ ಎಸೆದರು. ಆಮೇಲೆ, “ನನಗ ಸೈಕಲ್ ಎಲ್ಲೆ ಬರತೈತಿ?” ಎಂದರು.

ಒಲ್ಲೆ ಎನ್ನಲಿಲ್ಲ. ಅದು ನನಗೂ ಕೇಳಿಸಿತು, ಯಜಮಾನರಿಗೂ ಕೇಳಿಸಿತು. ತಿಂಗಳೊಳಗೆ ಅವರು ಹುಬ್ಬಳ್ಳಿಯ ಯಾರೋ ಗಂಡಹೆಂಡತಿ ಮೂಲೆಗಿಟ್ಟಿದ್ದ ಜೋಡಿ ಸೈಕಲ್ ಒಂದನ್ನು ಹುಡುಕಿ ತಂದರು. ಎರಡು ಗಾಲಿ, ಎರಡು ಸೀಟು, ಎರಡು ಜೊತೆ ಪೆಡಲ್. ಮುಂದೆ ಕುಳಿತವರು ಹ್ಯಾಂಡಲ್ ಹಿಡಿಯಬೇಕು, ಹಿಂದೆ ಕುಳಿತವರು ತುಳಿದರೆ ಸಾಕು. ಅತ್ತೆ ಅದರ ಸುತ್ತ ಮೂರು ಸುತ್ತು ಬಂದು, “ಮುಂದ ಯಾರು?” ಎಂದರು.

“ನಾನ ಯವ್ವಾ, ಮತ್ಯಾರು?”

“ನೀ ಬ್ಯಾಡ. ನೀ ಸಣ್ಣಾಂವ ಇದ್ದಾಗಿಂದ ನನ್ನ ಮಾತ ಕೇಳಿಲ್ಲ. ಇಕಿ ಕೂಡ್ಲಿ. ಇಕಿ ಕೇಳ್ತಾಳ.”

ಹಾಗೆ ನಾನು ಅತ್ತೆಯ ಸಾರಥಿಯಾದೆ. ಇಳಕಲ್ ಸೀರೆಗೆ ಕಚ್ಚೆ ಹಾಕಿ, ಹಣೆಯ ವಿಭೂತಿಯ ಮೇಲೆ ಹೆಲ್ಮೆಟ್ ಏರಿಸಿ ಅವರು ಹಿಂದೆ ಕುಳಿತರೆ ಓಣಿಯ ಜನ ಬಾಗಿಲಿಗೆ ಬರುತ್ತಿದ್ದರು. ಕಾಲುಗಳಿಗೆ ಕಲಿಸುವುದೇನೂ ಇರಲಿಲ್ಲ. ಮಗ್ಗದ ಲಯ ಅವುಗಳಲ್ಲೇ ಇತ್ತು. ತೊಂದರೆಯಿದ್ದದ್ದು ಕಣ್ಣಿನದು. ಏನಾದರೂ ಹೊಸದು ಕಂಡರೆ ಅತ್ತೆ ತುಳಿಯುವುದನ್ನೇ ಮರೆಯುತ್ತಿದ್ದರು. ಪೆಡಲ್ ಇದ್ದಕ್ಕಿದ್ದಂತೆ ಭಾರವಾದರೆ, ಬಲಕ್ಕೋ ಎಡಕ್ಕೋ ನೋಡುವಂಥದ್ದೇನೋ ಇದೆ ಎಂದು ನಾನು ತಿಳಿಯತೊಡಗಿದೆ. ಎಷ್ಟೋ ವರ್ಷ ಓಡಾಡಿದ ಹುನಗುಂದದ ದಾರಿಯಲ್ಲಿ ಒಂದು ಹಾಳುಬಾವಿ, ಗಿಳಿಗಳು ತುಂಬಿದ ಒಂದು ಬೇವಿನಮರ ನನಗೆ ಆಗಲೇ ಕಂಡದ್ದು.

ಕೆರೂರಿನಿಂದ ಅತ್ತೆಯ ತಮ್ಮ ಓಡಿಬಂದರು. “ಅಕ್ಕಾ, ಈ ವಯಸ್ಸಿನ್ಯಾಗ ಇದೇನ ಹಚ್ಚೀದಿ? ಮಂದಿ ಏನಂತಾರ?”

“ಏನಂತಾರ?” ಅತ್ತೆ ನಿಜವಾದ ಕುತೂಹಲದಿಂದ ಕೇಳಿದರು. “ಕೇಳ್ಕೊಂಡ ಬಾರಪಾ, ನನಗೂ ಗೊತ್ತಾಗ್ಲಿ.”

ತಮ್ಮ ಟೊಪ್ಪಿಗೆ ತೆಗೆದು ಕಟ್ಟೆಯ ಮೇಲೆ ಕುಳಿತರು. ಚಹಾ ಕುಡಿದು ಹೋದರು.

ಹೊರಡುವ ದಿನ ಹತ್ತಿರ ಬಂದಿತ್ತು. ಅಮೀನಗಡದ ಇಳಿಜಾರಿನಲ್ಲಿ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂತು. ನಾನು ಬ್ರೇಕ್ ಹಿಡಿದೆ. ಅದೇ ಗಳಿಗೆಯಲ್ಲಿ ಅತ್ತೆ ಅದರ ಮೇಲೆ ಕುಳಿತವರಾರೆಂದು ನೋಡಲು ಪಕ್ಕಕ್ಕೆ ಬಾಗಿದ್ದರು. ಇಬ್ಬರೂ ರಸ್ತೆಯ ಅಂಚಿನ ಕಂಟಿಯಲ್ಲಿ ಬಿದ್ದೆವು. ನನಗೆ ತರಚು ಗಾಯ. ಅತ್ತೆಯ ಮೊಣಕೈಗೆ ಹೊಲಿಗೆ ಬಿದ್ದವು, ಮಣಿಕಟ್ಟು ಬಾತುಕೊಂಡಿತು. ಎಲುಬು ಮುರಿದಿಲ್ಲ ಎಂದು ದವಾಖಾನೆಯಲ್ಲಿ ಹೇಳಿದರೂ ಯಜಮಾನರ ಮುಖದ ಬಣ್ಣ ಮರಳಲಿಲ್ಲ.

“ಯವ್ವಾ, ನೀ ಬರೂದ ಬ್ಯಾಡ. ಅಲ್ಲೆ ಹಿಂಗಾದ್ರ ನಾ ಏನ ಮಾಡ್ಲಿ?”

ಅತ್ತೆ ವಾದ ಮಾಡಲಿಲ್ಲ. ಹೂಂ ಎಂದರು.

ಆಮೇಲೆ ಮನೆಯಲ್ಲಿ ಒಂದು ವಿಚಿತ್ರ ಶುರುವಾಯಿತು. ಅತ್ತೆ ಏನನ್ನೂ ಕೇಳುತ್ತಿರಲಿಲ್ಲ. ಕೊಟ್ಟದ್ದು ಉಣ್ಣುತ್ತಿದ್ದರು, ಕರೆದರೆ ಬರುತ್ತಿದ್ದರು. ಗುಡ್ಡೆ ಹಾಕಿದ್ದ ಚೀಲಗಳ ಪಕ್ಕದಲ್ಲೇ ಹಾದುಹೋದರೂ ಅವುಗಳಲ್ಲೇನಿದೆ ಎನ್ನುತ್ತಿರಲಿಲ್ಲ. ಗ್ಯಾಸಿನವನು ಬಂದು ಸಿಲಿಂಡರ್ ಇಳಿಸಿ, ಬೇಕೆಂದೇ ತುಸು ಹೊತ್ತು ನಿಂತು ನೋಡಿ, “ಅಮ್ಮಾರಿಗೆ ಆರಾಮಿಲ್ಲೇನ್ರಿ?” ಎಂದು ನನ್ನನ್ನು ಕೇಳಿ ಹೋದ. ಮನೆ ಅಷ್ಟು ಸದ್ದಿಲ್ಲದೆ ಇದ್ದದ್ದನ್ನು ನಾನು ಮದುವೆಯಾದ ಮೇಲೆ ಕಂಡಿರಲಿಲ್ಲ.

ಹೊಲಿಗೆ ಬಿಚ್ಚಿದ ಮರುದಿನ ಬೆಳಿಗ್ಗೆ ನಾನು ಯಾರಿಗೂ ಹೇಳದೆ ಜೋಡಿ ಸೈಕಲ್ಲನ್ನು ಒರೆಸಿ ಬಾಗಿಲ ಮುಂದೆ ತಂದು ನಿಲ್ಲಿಸಿ ಗಂಟೆ ಬಾರಿಸಿದೆ. ಅತ್ತೆ ಹೊರಗೆ ಬಂದರು. ಸೈಕಲ್ ನೋಡಿದರು, ನನ್ನನ್ನು ನೋಡಿದರು.

“ಎಲ್ಲಿಗೆ?” ಎಂದರು.

ಅಷ್ಟು ದಿನಗಳ ಮೇಲೆ ಬಂದ ಮೊದಲ ಪ್ರಶ್ನೆ. “ಹತ್ರಿ ಅತ್ತಿ,” ಎಂದೆ.

“ನಿನಗ ಅಂಜಿಕಿ ಬರಂಗಿಲ್ಲೇನು?”

“ಬರತೈತ್ರಿ.”

“ನನಗೂ ಬರತೈತಿ. ಮತ್ತ?”

“ಮತ್ತೇನಿಲ್ರಿ. ಹತ್ರಿ.”

ಯಜಮಾನರು ಹಲ್ಲುಜ್ಜುವ ಬ್ರಶ್ ಬಾಯಲ್ಲಿಟ್ಟುಕೊಂಡೇ ಬಾಗಿಲಿಗೆ ಬಂದು ನಿಂತರು. ಒಳಗೆ ಹೋಗಿ ಅತ್ತೆಯ ಹೆಲ್ಮೆಟ್ ತಂದುಕೊಟ್ಟರು.

ನಾಲ್ವರೂ ಜೋಡಿ ಸೈಕಲ್ ಸಮೇತ ಹೋದೆವು. ವಿಯೆಟ್ನಾಂನ ಮೊದಲ ಸಂಜೆ ಒಂದು ಸಣ್ಣ ಖಾನಾವಳಿಯಲ್ಲಿ ಅತ್ತೆ ‘ಚಾಯ್’ ಎಂದು ಹೇಳಿ ಊಟ ತರಿಸಿದರು. ಆಮೇಲೆ ಆ ಖಾನಾವಳಿಯ ಹೆಂಗಸನ್ನು ಇಳಕಲ್ ಕನ್ನಡದಲ್ಲೇ, ಗಟ್ಟಿ ಧ್ವನಿಯಲ್ಲಿ, “ಇದರಾಗ ಏನ ಹಾಕೀದಿಯವಾ? ಇದ ಯಾವ ಸೊಪ್ಪು?” ಎಂದು ಕೇಳತೊಡಗಿದರು. ಅವಳು ತನ್ನ ಭಾಷೆಯಲ್ಲಿ ಅಷ್ಟೇ ಗಟ್ಟಿಯಾಗಿ ಉತ್ತರ ಕೊಟ್ಟಳು. ಇಬ್ಬರಿಗೂ ಪೂರ್ತಿ ಸಮಾಧಾನವಾದ ಹಾಗೆ ಕಂಡಿತು.

“ಯವ್ವಾ, ಐಹೊಳಿಯೊಳಗ ಕನ್ನಡ ಮಾತಾಡಬ್ಯಾಡ ಅಂದಿದ್ದಿ,” ಎಂದರು ಯಜಮಾನರು.

“ನಿಮಗ ಅಂದಿದ್ದೆ,” ಎಂದರು ಅತ್ತೆ.

ಸಮುದ್ರ ಬಿಟ್ಟು ಒಳದಾರಿ ಹಿಡಿದಿದ್ದ ಒಂದು ದಿನ ಪೆಡಲ್ ಥಟ್ಟನೆ ಭಾರವಾಯಿತು. “ನಿಂದ್ರಸು, ನಿಂದ್ರಸು,” ಎಂದರು. ನನಗೆ ಏನೂ ಕಾಣಲಿಲ್ಲ. ಅವರಿಗೆ ಕಂಡಿದ್ದಲ್ಲ, ಕೇಳಿಸಿದ್ದು. ಯಾವುದೋ ಮನೆಯಲ್ಲಿ ಮಗ್ಗದ ಸದ್ದು. ಒಳಗೆ ಹೋದರೆ ಒಬ್ಬ ಹೆಂಗಸು ಎತ್ತರದ ಹಲಗೆಯ ಮೇಲೆ ಕುಳಿತು ನೇಯುತ್ತಿದ್ದಳು. ಅತ್ತೆ ಮಗ್ಗದ ಕೆಳಗೆ ಬಗ್ಗಿ ನೋಡಿ, “ಕುಣಿ ಇಲ್ಲ! ಮ್ಯಾಲೆ ಕುಂತ ನೇಯ್ತಾಳ!” ಎಂದು ನಮ್ಮೆಲ್ಲರನ್ನೂ ಕರೆದು ತೋರಿಸಿದರು. ಆ ಹೆಂಗಸು ಇವರ ಸೀರೆಯ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿ, ಎದ್ದು ತನ್ನ ಜಾಗ ಬಿಟ್ಟುಕೊಟ್ಟಳು. ಅತ್ತೆ ಗೇಣುದ್ದ ನೇಯ್ದರು. ಹೊರಡುವಾಗ ಬಾಗಿಲಾಚೆ ಬಂದು ಮೊಮ್ಮಗಳ ಕಿವಿಯಲ್ಲಿ, “ನಾ ನೇಯ್ದಿದ್ದ ಬಿಚ್ಚಾಕ ಹತ್ಯಾಳೇನ ನೋಡಿ ಬಾ,” ಎಂದರು. ಮಗಳು ಹಣಕಿ ನೋಡಿ ಬಂದಳು. “ಇಲ್ಲ ಆಯಿ. ಮುಂದ ನೇಯ್ಯಾಕ ಹತ್ಯಾಳ.”

ಆ ದಿನ ಮುಂದಿನ ಊರು ಮುಟ್ಟುವವರೆಗೆ ಅತ್ತೆ ಪೆಡಲ್ ಬಿಡಲೇ ಇಲ್ಲ.

ಮರಳಿ ಬಂದು ಎರಡು ವರ್ಷವಾಗಿರಲಿಲ್ಲ, ಅತ್ತೆಯ ಹೃದಯ ದಣಿಯಿತು. ಬಾಗಲಕೋಟೆಯ ಆಸ್ಪತ್ರೆಗೆ ಸೇರಿಸಿದೆವು. ಒಳಗೆ ಒಬ್ಬರನ್ನೇ, ಅದೂ ಸ್ವಲ್ಪ ಹೊತ್ತು ಬಿಡುತ್ತಿದ್ದರು. ಆ ಮಧ್ಯಾಹ್ನ ನನ್ನ ಸರದಿ. ಅತ್ತೆಯ ಮುಖ ಚಿಕ್ಕದಾಗಿತ್ತು, ಕಣ್ಣು ಮಾತ್ರ ಎರಡು ಮಂಚಗಳ ನಡುವೆ ಇಟ್ಟಿದ್ದ ಯಂತ್ರಗಳ ಮೇಲಿದ್ದವು.

“ಆ ಹಸರ ಗೆರಿ ನಂದೋ, ಬಾಜೂದಾಕಿದೋ?”

“ನಿಮ್ದ ರೀ ಅತ್ತಿ.”

“ಛಂದ ಓಡಾಕ ಹತ್ತೇತಿ,” ಎಂದರು. ಉಸಿರು ತೆಗೆದುಕೊಂಡು ಪಕ್ಕದ ಮಂಚದ ಕಡೆ ಕಣ್ಣು ತಿರುಗಿಸಿದರು. “ಆಕಿ ಯಾವೂರಾಕಿ? ಯಾರೂ ಬಂದಂಗಿಲ್ಲ. ಕೇಳ್ಕೊಂಡ ಬಾ.”

ಅಷ್ಟರಲ್ಲಿ ನರ್ಸ್ ಬಂದು ನನ್ನನ್ನು ಹೊರಗೆ ಕಳಿಸಿದಳು. ಮರುದಿನ ಬೆಳಕು ಹರಿಯುವ ಹೊತ್ತಿಗೆ ಅತ್ತೆ ಇರಲಿಲ್ಲ.

ಅವರನ್ನು ಇಳಕಲ್ಲಿಗೆ ಕರೆದೊಯ್ಯುವ ಗಾಡಿ ಬರುವುದು ತಡವಿತ್ತು. ಯಜಮಾನರು ಕಾಗದಪತ್ರಕ್ಕೆಂದು ಕೆಳಗೆ ಹೋಗಿದ್ದರು. ಮಗಳು ಕಿಟಕಿಯ ಹತ್ತಿರ ನಿಂತು ಅಳುತ್ತಿದ್ದಳು. ಮೊಗಸಾಲೆಯ ಆ ಕೊನೆಯ ಬೆಂಚಿನ ಮೇಲೆ ಒಬ್ಬ ಹುಡುಗಿ ಒಂದು ಚೀಲ, ಒಂದು ಥರ್ಮಾಸ್ ಇಟ್ಟುಕೊಂಡು ಒಬ್ಬಳೇ ಕುಳಿತಿದ್ದಳು. ಪಕ್ಕದ ಮಂಚದವಳ ಮಗಳಿರಬೇಕು. ನಾನು ಮಗಳ ಬೆನ್ನು ಸವರಿ, ಅಲ್ಲಿಗೆ ನಡೆದು ಹೋಗಿ ಅವಳ ಮುಂದೆ ನಿಂತೆ.

“ನಿಮ್ದು ಯಾವೂರವಾ?”

“ಗುಳೇದಗುಡ್ಡರೀ.”

ಉತ್ತರ ಸಿಕ್ಕಿತು. ಕೇಳಿಕೊಂಡು ಬಾ ಎಂದವರು ಇರಲಿಲ್ಲ. ಆದರೂ ಅಲ್ಲಿಂದ ತಿರುಗಲು ನನಗೆ ಮನಸ್ಸಾಗಲಿಲ್ಲ. “ನಿಮ್ಮವ್ವಗ ಏನಾಗೇತಿ?” ಎಂದು ಕೇಳಿದೆ.

ಅವಳು ಚೀಲವನ್ನು ಮಡಿಲಿಗೆ ಎಳೆದುಕೊಂಡು, ಸರಿದು, ಬೆಂಚಿನ ಮೇಲೆ ನನಗೆ ಜಾಗ ಮಾಡಿಕೊಟ್ಟಳು.